ಟವೆಲ್ಲಿನ ಕೆಳಗಿನ ಬೆಲೆ

ಉಡಚಮ್ಮನಿಗೆ ಇನ್ನೂ ಬರಬೇಕಾದ ಕೂಲಿ ಇಪ್ಪತ್ತೆಂಟು ಸಾವಿರದ ಮುನ್ನೂರ ಮೂವತ್ತಾರು ರೂಪಾಯಿ. ಮೊದಲು ಅದು ಒಂದು ಲಕ್ಷದ ಇಪ್ಪತ್ತೆಂಟು ಸಾವಿರದ ಎಂಟುನೂರು ಇತ್ತು. ಐದು ತಿಂಗಳು ದುಡಿಸಿಕೊಂಡು ಕೊಡದ ಸಂಬಳ, ಹೇಳದೆ ಕೇಳದೆ ಗೇಟಿಗೆ ಬೀಗ ಜಡಿದದ್ದಕ್ಕೆ ಕೋರ್ಟು ಕೊಡಿಸಿದ ಒಂಬತ್ತು ತಿಂಗಳ ಸಂಬಳ, ಎರಡೂ ಸೇರಿ ಅಷ್ಟು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಆ ನೂಲಿನ ಗಿರಣಿಯಲ್ಲಿ ಹೀಗೆ ಬಾಕಿ ಇದ್ದವರು ಐವತ್ತೆಂಟು ಮಂದಿ. ಎಲ್ಲರದೂ ಕೂಡಿದರೆ ಎಪ್ಪತ್ತನಾಲ್ಕು ಲಕ್ಷ. ಅದರಲ್ಲಿ ಅರ್ಧವೂ ಕೈಗೆ ಬಾರದೆ ಹೋಗುವುದರಲ್ಲಿತ್ತು. ಹೋಗುವಂತೆ ಮಾಡಿದ್ದು ಗಿರಣಿ ಮಾಲೀಕನಲ್ಲ. ಆ ಕೆಲಸವನ್ನು ಕೆಲಸಗಾರರೇ ಕೈಯಾರೆ ಮಾಡಿಕೊಂಡಿದ್ದರು, ಅದೂ ಅರ್ಜಿ ಬರೆದು, ಸಹಿ ಹಾಕಿ.

ಉಡಚಮ್ಮ ಹರಿಹರದ ಆಚೆ ಹೊಳೆದಂಡೆಯ ಹಳ್ಳಿಯವಳು. ಮದುವೆಯಾಗಿ ದಾವಣಗೆರೆಗೆ ಬಂದಾಗ ಹತ್ತೊಂಬತ್ತು. ಗಂಡ ನಿಂಗಪ್ಪ ಮೆಕ್ಕೆಜೋಳದ ಮಂಡಿಯಲ್ಲಿ ಚೀಲ ಹೊರುವ ಹಮಾಲಿ. ಗಿರಣಿಯಲ್ಲಿ ಅವಳ ಕೆಲಸ ಹರಿದ ನೂಲು ಜೋಡಿಸುವುದು. ನೂಲುವ ಯಂತ್ರದ ಉದ್ದಕ್ಕೂ ಹೋಗಿ ಬಂದು, ಎಲ್ಲಿ ಎಳೆ ತುಂಡಾಗಿದೆಯೋ ಅಲ್ಲಿ ಬೆರಳಿನಿಂದ ಹೊಸೆದು ಕೂಡಿಸಿ, ಮತ್ತೆ ಮುಂದಕ್ಕೆ. ಇಪ್ಪತ್ತೆರಡು ವರ್ಷ ಅಷ್ಟೇ. ಯಂತ್ರಗಳ ಸದ್ದಿನಲ್ಲಿ ಮಾತಾಡಿ ಮಾತಾಡಿ ಗಿರಣಿಯವರ ಗಂಟಲೇ ಬೇರೆಯಾಗಿರುತ್ತದೆ. ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಮನೆಯವರಿಗೆ ಜಗಳ ಹತ್ತಿದಂತೆ ಕೇಳಿಸುತ್ತದೆ.

ಗಿರಣಿಯ ಹೆಂಗಸರಲ್ಲಿ ಒಂದು ಚೀಟಿ ನಡೆಯುತ್ತಿತ್ತು. ಇಪ್ಪತ್ತು ಜನ, ತಲೆಗೆ ಐನೂರು, ತಿಂಗಳಿಗೆ ಹತ್ತು ಸಾವಿರ. ದುಡ್ಡಿನ ಜರೂರು ಇರುವವಳು ಒಂದಷ್ಟು ಬಿಟ್ಟುಕೊಟ್ಟು ಚೀಟಿ ಎತ್ತಬೇಕು. ಯಾರು ಹೆಚ್ಚು ಬಿಡುತ್ತಾಳೋ ಅವಳಿಗೆ ಚೀಟಿ, ಬಿಟ್ಟದ್ದು ಉಳಿದವರಿಗೆ ಹಂಚಿಕೆ. ನಡೆಸುತ್ತಿದ್ದವಳು ಉಡಚಮ್ಮ. ಮೊದಮೊದಲು ಎಲ್ಲರೂ ಎಷ್ಟು ಬಿಡುತ್ತೇವೆಂದು ಕಾಗದದಲ್ಲಿ ಬರೆದು ಮಡಚಿ ಡಬ್ಬಿಗೆ ಹಾಕುತ್ತಿದ್ದರು. ಒಂದು ಸಲ ಕಮಲಕ್ಕನ ಗಂಡನ ಕಾಲಿನ ಆಪರೇಷನ್ ಬಂತು. ಕಮಲಕ್ಕನೂ ಅದೇ ಗಿರಣಿಯವಳು, ಉಡಚಮ್ಮನಿಗಿಂತ ಆರು ವರ್ಷ ದೊಡ್ಡವಳು. ಚೀಟಿ ಬೇರೆಯವರ ಪಾಲಾದೀತೆಂಬ ಹೆದರಿಕೆಯಲ್ಲಿ ಮೂರು ಸಾವಿರ ಬಿಡುತ್ತೇನೆಂದು ಬರೆದಳು. ಬಿಚ್ಚಿ ನೋಡಿದರೆ ಅವಳ ನಂತರದ ದೊಡ್ಡ ಅಂಕಿ ಬರೀ ಒಂಬೈನೂರು. ಎದುರುಬದುರು ಕೂತು ಕೂಗಿದ್ದರೆ ಸಾವಿರಕ್ಕೆ ಮುಗಿಯುತ್ತಿತ್ತು. ಕಮಲಕ್ಕ ಏಳು ಸಾವಿರ ಎಣಿಸಿಕೊಂಡು ಹೋಗುವಾಗ ಯಾರೂ ಅವಳ ಮುಖ ನೋಡಲಿಲ್ಲ. ಮರುತಿಂಗಳಿನಿಂದ ಡಬ್ಬಿ ಹೋಯಿತು, ಕೂಗು ಬಂತು. ಮುಚ್ಚಿದ ಚೀಟಿ ಬಡವರ ಕುತ್ತಿಗೆ ಕೊಯ್ಯುತ್ತದೆ ಎಂಬ ಮಾತು ಗಿರಣಿಯ ಹೆಂಗಸರಲ್ಲಿ ಗಾದೆಯಂತೆ ಉಳಿದುಕೊಂಡಿತು.

ಗಂಡಸರಲ್ಲಿ ಅದೇ ಮಾತಿಗೆ ಬೇರೆ ಕಾರಣವಿತ್ತು. ಸಂಘದ ಅಧ್ಯಕ್ಷ ಓಬಯ್ಯ, ಯಂತ್ರ ರಿಪೇರಿಯ ಹಳೇ ಫಿಟ್ಟರ್. ಹಿಂದೊಮ್ಮೆ ಅವನಿಗಿಂತ ಮೊದಲಿನ ಮುಖಂಡರು ಮಾಲೀಕನ ಕೋಣೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಕೂಲಿ ಒಪ್ಪಂದಕ್ಕೆ ಸಹಿ ಹಾಕಿ, ಬೋನಸ್ಸು ಕಳೆದುಕೊಂಡು ಬಂದಿದ್ದರು. ಬಾಗಿಲು ಹಾಕಿದ ಕೋಣೆಯಿಂದ ಕೂಲಿಕಾರನಿಗೆ ಒಳ್ಳೆಯದು ಹೊರಬಂದದ್ದಿಲ್ಲ ಎಂಬುದು ಓಬಯ್ಯನ ಬದುಕಿನ ಪಾಠ.

ಹಾಗಾಗಿ, ಕೋರ್ಟಿನ ಆದೇಶದಂತೆ ಗಿರಣಿಯ ಯಂತ್ರಗಳನ್ನು ಜಪ್ತಿ ಮಾಡಿ ಮಾರಿ ಬಾಕಿ ತೀರಿಸುವುದು ಎಂದಾದಾಗ ಸಂಘ ಒಂದು ಅರ್ಜಿ ಕೊಟ್ಟಿತು. ವಸೂಲಿ ಅಧಿಕಾರಿ ಅಂಬಿಕಾ, ಮೂವತ್ತೈದರ ಹೆಣ್ಣುಮಗಳು, ಅದನ್ನು ಎರಡು ಸಲ ಓದಿದಳು. ಟೆಂಡರು, ಲಕೋಟೆ, ಯಾವುದೂ ಬೇಡ. ಗಿರಣಿಯ ಅಂಗಳದಲ್ಲೇ, ಐವತ್ತೆಂಟು ಮಂದಿಯ ಕಣ್ಣೆದುರಿಗೇ, ಬಹಿರಂಗವಾಗಿ ಕೂಗಿ ಹರಾಜು ಆಗಬೇಕು. ಬರೆದವನು ಓಬಯ್ಯ, ಮೊದಲ ಸಹಿ ಉಡಚಮ್ಮನದು.

ಕೇಳಿದ್ದನ್ನೇ ಕೊಟ್ಟರು. ಮಾರ್ಚ್ ಮೊದಲ ವಾರದ ಒಂದು ಬೆಳಿಗ್ಗೆ ಹತ್ತಕ್ಕೆ ಅಂಗಳದಲ್ಲಿ ಮೇಜು ಹಾಕಿ ಹರಾಜು ಶುರುವಾಯಿತು. ಠೇವಣಿ ಕಟ್ಟಿದ್ದವರು ಐದು ಜನ, ಎಲ್ಲರೂ ಗುಜರಿ ಮತ್ತು ಹಳೇ ಯಂತ್ರದ ವ್ಯಾಪಾರಿಗಳು. ಹರಿಹರದ ವಾಮದೇವಪ್ಪ ಹಿರಿಯ; ಮೊದಲು ದನದ ಸಂತೆಯ ದಲ್ಲಾಳಿಯಾಗಿದ್ದು ಆಮೇಲೆ ಕಬ್ಬಿಣಕ್ಕೆ ಬಂದವನು, ವಿಭೂತಿ ಕೆಡದ ಹಣೆ, ಹೆಗಲ ಮೇಲೆ ಬಿಳಿ ಟವೆಲ್ಲು. ದಾವಣಗೆರೆಯ ಕೆ.ಬಿ. ಬಡಾವಣೆಯ ಬಕ್ಕೇಶ್ ಕಿರಿಯ. ಅವನು ಮುರಿಯುವ ಲೆಕ್ಕದಲ್ಲಿ ಬಂದಿರಲಿಲ್ಲ, ಯಂತ್ರಗಳನ್ನು ಓಡುವ ಸ್ಥಿತಿಯಲ್ಲೇ ತೆಗೆದುಕೊಂಡು ಬೇರೆ ಊರಿನ ಗಿರಣಿಗೆ ಕೊಡುವವನು. ಉಳಿದ ಮೂವರು ಇವರಿಬ್ಬರ ಸುತ್ತ ನಿಂತವರು. ಸರ್ಕಾರದ ಕನಿಷ್ಠ ಬೆಲೆ ಮೂವತ್ತಾರು ಲಕ್ಷ.

ವಾಮದೇವಪ್ಪ ಮೂವತ್ತಾರು ಲಕ್ಷದ ಹತ್ತು ಸಾವಿರ ಎಂದ.

ಅಂಬಿಕಾ ಮುಂದೆ ಎಂದಳು. ಒಬ್ಬ ಬೀಡಿ ಹಚ್ಚಿದ. ಬಕ್ಕೇಶ್ ಮೊಬೈಲು ನೋಡಿದ. ಇನ್ನಿಬ್ಬರು ಗಿರಣಿಯ ತಗಡಿನ ಚಾವಣಿಯನ್ನು ಈಗಷ್ಟೇ ಕಂಡವರಂತೆ ನೋಡುತ್ತ ನಿಂತರು. ಅಂಬಿಕಾ ಹತ್ತು ನಿಮಿಷ ಕಾದಳು, ಮತ್ತೆ ಕೇಳಿದಳು, ಮತ್ತೆ ಕಾದಳು. ಐವತ್ತೆಂಟು ಮಂದಿ ಬಿಸಿಲಲ್ಲಿ ನಿಂತಿದ್ದರು. ಮೂರು ಸಲ ಕೂಗಿ ಮುಗಿಸಿದಾಗ ಹನ್ನೊಂದೂ ಆಗಿರಲಿಲ್ಲ. ಬಾಕಿಗೆ ಹಂಚಿದರೆ ನೂರಕ್ಕೆ ನಲವತ್ತೆಂಟು. ಕಮಲಕ್ಕ ಬೆರಳು ಮಡಚಿ ಎಣಿಸಿ, ಇಷ್ಟಾದರೂ ಬಂತಲ್ಲ ಎಂದಳು. ಕಣ್ಣೆದುರಿಗೇ ನಡೆದದ್ದು, ಮೋಸವಿಲ್ಲ ಎಂದು ಓಬಯ್ಯ ಎಲ್ಲರಿಗೂ ಸಮಾಧಾನ ಹೇಳಿದ. ಮೂವತ್ತು ದಿನದೊಳಗೆ ಯಾರದೂ ತಕರಾರಿಲ್ಲದಿದ್ದರೆ ಹರಾಜು ಮಂಜೂರು ಎಂದು ಅಂಬಿಕಾ ಬರೆದುಕೊಂಡು ಹೋದಳು.

ಗಿರಣಿ ಮುಚ್ಚಿದ ಮೇಲೆ ಉಡಚಮ್ಮ ಹರಿಹರದ ಬಸ್ ನಿಲ್ದಾಣದ ಹತ್ತಿರ ನಿರ್ಮಲಮ್ಮನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ದಿನ ಅರ್ಧ ರಜೆ. ಹನ್ನೆರಡೂವರೆಗೆ ಬಸ್ಸಿಳಿದು ಹೋಗಿ ಹಿಟ್ಟಿಗೆ ಕೈ ಹಾಕಿದಳು. ಒಂದು ಗಂಟೆಗೆ ಐವರೂ ಒಳಗೆ ಬಂದರು. ವಾಮದೇವಪ್ಪ ಅಲ್ಲಿಯ ಹಳೇ ಗಿರಾಕಿ. ಒಳಗಿನ ಕೋಣೆ ಅವನಿಗೆ ಮೀಸಲು. ಒಲೆಯ ಮುಂದೆ ಕೂತ ಹೆಂಗಸನ್ನು ಯಾರು ನೋಡುತ್ತಾರೆ? ಬೆಳಿಗ್ಗೆ ಅಂಗಳದಲ್ಲಿ ಮುಕ್ಕಾಲು ಗಂಟೆ ಅವರೆದುರಿಗೇ ನಿಂತಿದ್ದವಳು ಎಂಬುದು ಐದು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಬಿಸಿ ರೊಟ್ಟಿ ಹಿಡಿದು ಕೋಣೆಯ ಬಾಗಿಲಿಗೆ ಹೋದವಳು ಅಲ್ಲೇ ನಿಂತಳು.

ವಾಮದೇವಪ್ಪ ಹೆಗಲ ಟವೆಲ್ಲನ್ನು ಬಲಗೈ ಮೇಲೆ ಹಾಸಿಕೊಂಡು ಕೂತಿದ್ದ. ಒಬ್ಬೊಬ್ಬನೇ ಬಂದು ಟವೆಲ್ಲಿನ ಕೆಳಗೆ ಕೈ ತೂರಿಸಿ ಅವನ ಬೆರಳು ಹಿಡಿಯುತ್ತಿದ್ದ, ಅದುಮುತ್ತಿದ್ದ, ಬಿಟ್ಟು ಹೋಗಿ ತನ್ನ ಜಾಗದಲ್ಲಿ ಕೂರುತ್ತಿದ್ದ. ಬಾಯಿಯಿಂದ ಒಂದಂಕಿ ಇಲ್ಲ. ದನದ ಸಂತೆಯಲ್ಲಿ ಎತ್ತಿಗೆ ಬೆಲೆ ಕಟ್ಟುವ ಪದ್ಧತಿ ಅದು: ಯಾವ ಬೆರಳು ಎಷ್ಟು ಹಿಡಿದರೆ ಎಷ್ಟು ಎಂಬುದು ಆ ಎರಡು ಕೈಗಳಿಗೆ ಮಾತ್ರ ಗೊತ್ತು, ಪಕ್ಕದವನಿಗೂ ತಿಳಿಯುವುದಿಲ್ಲ. ಬೆಳಿಗ್ಗೆ ಚಾವಣಿ ನೋಡುತ್ತ ನಿಂತಿದ್ದವರ ಮುಖದ ಮೇಲೆ ಈಗ ಬೆವರು. ವಾಮದೇವಪ್ಪ ಟವೆಲ್ಲು ಕೊಡವಿ, ಬಕ್ಕೇಶಂದಾತು ಎಂದ; ಬೆಳಿಗ್ಗೆ ತನ್ನ ಹೆಸರಿಗೆ ನಿಂತ ಯಂತ್ರಗಳಿಗೆ ಟವೆಲ್ಲಿನ ಕೆಳಗೆ ಎಲ್ಲರಿಗಿಂತ ಹೆಚ್ಚು ಬೆಲೆ ಹಿಡಿದವನು ಅವನು. ಆಮೇಲೆ ಊಟ.

ಕೈ ತೊಳೆಯುವ ಜಾಗದಲ್ಲಿ ಇಬ್ಬರು ಮಾತಾಡಿಕೊಂಡದ್ದು ಒಲೆಯವರೆಗೂ ಕೇಳಿಸಿತು. ಸುಮ್ಮನೆ ನಿಂತಿದ್ದಕ್ಕೆ ತಲೆಗೆ ನಾಲ್ಕು ಲಕ್ಷ ಬಂತಲ್ಲ, ಇನ್ನೇನು ಬೇಕು ಎಂದ ಒಬ್ಬ. ನಾಲ್ಕು ಜನಕ್ಕೆ ಹದಿನಾರು. ಸರ್ಕಾರಕ್ಕೆ ಮೂವತ್ತಾರು. ಕೂಡಿದರೆ ಐವತ್ತೆರಡು. ಬಕ್ಕೇಶನಿಗೆ ಆ ಯಂತ್ರಗಳು ಕಡಿಮೆಯೆಂದರೂ ಐವತ್ತೆರಡು ಲಕ್ಷ ಬಾಳುತ್ತಿದ್ದವು, ಕೊಡಲೂ ಅವನು ತಯಾರಿದ್ದ. ಕೊಟ್ಟ. ದುಡಿದವರಿಗಲ್ಲ, ಬೀಡಿ ಸೇದುತ್ತ ನಿಂತವರಿಗೆ.

ಕೂಟ ಕಟ್ಟಿದ್ದರು ಎಂಬುದು ಉಡಚಮ್ಮನಿಗೆ ಅಲ್ಲೇ ತಿಳಿಯಿತು. ಅದಕ್ಕಿಂತ ದೊಡ್ಡದು ತಿಳಿದದ್ದು ಸಂಜೆ ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತಾಗ. ಕೂಗಿನ ಹರಾಜಿನಲ್ಲಿ ಕೂಟಕ್ಕೆ ಕಾವಲೇ ಬೇಡ. ಯಾರಾದರೂ ಮಾತು ತಪ್ಪಿ ಬಾಯಿ ಬಿಟ್ಟರೆ ಉಳಿದ ನಾಲ್ವರಿಗೆ ಆ ಗಳಿಗೆಯಲ್ಲೇ ಗೊತ್ತಾಗುತ್ತದೆ. ಅವರೂ ಕೂಗಿ ಬೆಲೆ ಏರಿಸಿ ಅವನ ಲಾಭ ತೊಳೆದುಬಿಡುತ್ತಾರೆ. ಮಾತು ತಪ್ಪಿ ಸುಖವಿಲ್ಲ, ಹಾಗಾಗಿ ಯಾರೂ ತಪ್ಪುವುದಿಲ್ಲ. ಐವರನ್ನು ಒಬ್ಬರ ಮೇಲೊಬ್ಬರು ಕಣ್ಣಿಡುವಂತೆ ಬಿಸಿಲಲ್ಲಿ ನಿಲ್ಲಿಸಿಕೊಟ್ಟವರು ತಾವೇ. ಅದೇ ಐವರು ತಮ್ಮತಮ್ಮೊಳಗೆ ನಿಜವಾದ ಬೆಲೆ ಬೇಕಾದಾಗ ಕೂಗಲಿಲ್ಲ. ಟವೆಲ್ಲು ಹಾಸಿದರು.

ಮರುದಿನ ಅವಳು ಅಂಬಿಕಾಳ ಕಚೇರಿಗೆ ಹೋದಳು. ಕಂಡದ್ದು, ಕೇಳಿದ್ದು, ಎಲ್ಲ ಹೇಳಿದಳು. ಅಂಬಿಕಾ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಳು, ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಟವೆಲ್ಲಿನ ಕೆಳಗಿನ ಬೆರಳು ಸಾಕ್ಷಿಯಾಗುವುದಿಲ್ಲ. ಬೆಲೆ ಕಡಿಮೆಯಾಯಿತೆಂದು ಬಾಕಿ ಬರಬೇಕಾದವರೇ ತಕರಾರು ಹಾಕಿದರೆ ರದ್ದು ಮಾಡಿ ಮರುಹರಾಜು ಮಾಡಬಹುದು, ಆದರೆ ಪದ್ಧತಿ ಬದಲಿಸಬೇಕೆಂದರೆ ಸಂಘದ ಠರಾವು ಬೇಕು.

"ಕೂಗೇ ಬೇಕು ಅಂತ ಬರ್ಕೊಟ್ಟವರು ನೀವೇ ಅಲ್ವೇನಮ್ಮ. ಮೊದಲನೇ ಸಹಿ ನಿಮ್ದೇ ಐತೆ ನೋಡಿ" ಎಂದು ಕಡತ ತಿರುಗಿಸಿ ತೋರಿಸಿದಳು.

ಕಂಪ್ಯೂಟರಿನಲ್ಲಿ ಮಾಡಿದರೆ ಹೇಗೆ ಎಂದು ಉಡಚಮ್ಮ ಕೇಳಿದಳು. ಅದರಲ್ಲಿ ಈಗಿನ ಬೆಲೆ ಎಷ್ಟಾಯಿತೆಂದು ಎಲ್ಲರಿಗೂ ಕ್ಷಣಕ್ಷಣಕ್ಕೂ ಕಾಣುತ್ತದೆ, ಹೊಸಬರು ಬರಬಹುದು, ಆದರೆ ಈ ಐವರೇ ಬಂದರೆ ಅದೂ ಕೂಗೇ ಎಂದಳು ಅಂಬಿಕಾ. ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ: ಈ ಹರಾಜು ರದ್ದಾದರೆ ಮೂವತ್ತಾರು ಲಕ್ಷದ ಮಾತೂ ರದ್ದು. ಮರುಸಲ ಯಾರೂ ಬಾರದಿದ್ದರೆ ಯಂತ್ರಗಳು ಅಲ್ಲೇ ತುಕ್ಕು ಹಿಡಿಯುತ್ತವೆ, ನಿಮ್ಮ ಬಾಕಿಯೂ.

ಈ ಸುದ್ದಿ ಎರಡು ದಿನದಲ್ಲಿ ಹರಿಹರ ಮುಟ್ಟಿತು. ವಾಮದೇವಪ್ಪ ಊಟದ ಹೊತ್ತಲ್ಲದ ಹೊತ್ತಿನಲ್ಲಿ ಖಾನಾವಳಿಗೆ ಬಂದು, ಒಲೆಯ ಹತ್ತಿರವೇ ಕುರ್ಚಿ ಎಳೆಸಿಕೊಂಡು ಕೂತ. ದನಿ ಎತ್ತುವ ಮನುಷ್ಯನಲ್ಲ ಅವನು.

"ನೋಡವ್ವ, ಕೈಗೆ ಬಂದಿದ್ದು ಯಾಕ ಒದೀತೀ. ನಾವು ಐದು ಮಂದಿ ಬರ್ಲಿಲ್ಲ ಅಂದ್ರೆ ಆ ಕಬ್ಬಿಣ ಇಲಿನೂ ಮೂಸಿ ನೋಡಲ್ಲ. ನಾಳೆ ಐವತ್ತೆಂಟು ಮನೆಯೋರು ನಿನ್ನ ಮನೆ ಮುಂದೆ ಬಂದು ಮಣ್ಣು ತೂರ್ತಾರೆ."

"ಇಲಿ ಮೂಸದ ಕಬ್ಬಿಣಕ್ಕ ಒಳಗ ಕೂತು ಅಷ್ಟು ಬೆವರಿದ್ರಲ್ಲ ಸಾವ್ಕಾರ್ರೆ" ಎಂದಳು ಉಡಚಮ್ಮ, ರೊಟ್ಟಿ ತಿರುವುತ್ತ.

ಅವನು ನಕ್ಕ. ನಗುತ್ತಲೇ ಎದ್ದು ನಿರ್ಮಲಮ್ಮನ ಹತ್ತಿರ ಹೋಗಿ ಏನೋ ಹೇಳಿ ಹೋದ. ಸಂಜೆ ನಿರ್ಮಲಮ್ಮ ಕೂಲಿ ಕೊಡುವಾಗ ಅವಳ ಕಣ್ಣು ತಪ್ಪಿಸಿದಳು. ಅವರು ದಿನಾ ಹತ್ತು ಊಟದ ಗಿರಾಕಿ, ನನ್ನ ಹೊಟ್ಟೆಪಾಡೂ ನೋಡವ್ವ, ನಿಮ್ಮ ಜಗಳ ಮುಗಿಯೋ ತನಕ ಬರಬ್ಯಾಡ ಎಂದಳು. ಇದ್ದ ಒಂದು ದುಡಿಮೆಯೂ ಹೋಯಿತು. ನಿಂಗಪ್ಪ ಮಂಡಿಯಿಂದ ಬಂದ ಮೇಲೆ ಅವನಿಗೂ ವಿಷಯ ಹೇಳಿದಳು. ಸಂಘದವರು ಒಪ್ಪದಿದ್ದರೆ ಏನು ಮಾಡುತ್ತೀ ಎಂದು ಒಂದೇ ಮಾತು ಕೇಳಿದ.

ತಕರಾರಿಗೆ ಇನ್ನು ಆರು ದಿನ ಉಳಿದಿರುವಾಗ, ಭಾನುವಾರ ಬೆಳಿಗ್ಗೆ, ಬೀಗ ಹಾಕಿದ ಗೇಟಿನ ಮುಂದಿನ ಬೇವಿನ ಮರದ ಕೆಳಗೆ ಸಂಘ ಸೇರಿತು. ಮಾತು ಶುರುವಾಗುವ ಮೊದಲೇ ಗಾಳಿ ಕೆಟ್ಟಿತ್ತು. ವಾಮದೇವಪ್ಪನ ಕಡೆಯವರು ನಾಲ್ಕಾರು ಮನೆಗಳಿಗೆ ಹೋಗಿ, ಉಡಚಮ್ಮನಿಗೆ ಬೇರೊಬ್ಬ ವ್ಯಾಪಾರಿ ದುಡ್ಡು ಕೊಟ್ಟಿದ್ದಾನೆ, ಅದಕ್ಕೇ ಅವಳಿಗೆ ಲಕೋಟೆ ಬೇಕು ಎಂದು ಊದಿ ಬಂದಿದ್ದರು. ಉಡಚಮ್ಮ ನಿಂತು, ಹರಾಜು ರದ್ದಾಗಬೇಕು, ಮುಂದಿನದು ಮುಚ್ಚಿದ ಲಕೋಟೆಯಲ್ಲಿ ಆಗಬೇಕು ಎಂದು ಹೇಳುತ್ತಿದ್ದಂತೆ ಕಮಲಕ್ಕ ಎದ್ದಳು.

"ಎಷ್ಟು ತಗಂಡೆ? ಅದ್ನ ಮೊದ್ಲು ಹೇಳು."

ಯಾರೂ ಕಮಲಕ್ಕನನ್ನು ತಡೆಯಲಿಲ್ಲ. ತಡೆಯದಿದ್ದದ್ದೇ ಉಡಚಮ್ಮನಿಗೆ ಹೆಚ್ಚು ತಾಗಿತು. ಇಪ್ಪತ್ತೆರಡು ವರ್ಷ ಒಂದೇ ದೂಳು ಕುಡಿದವರು. ಓಬಯ್ಯನ ಮಾತು ಇನ್ನೂ ಕಟುವಾಗಿತ್ತು: ಜೀವನವಿಡೀ ಮುಚ್ಚುಮರೆ ಬೇಡ ಎಂದು ಹೋರಾಡಿದ ಸಂಘ ಈಗ ತಾನೇ ಮುಚ್ಚಿದ ಲಕೋಟೆ ಕೇಳಿದರೆ ಜನ ಮುಖಕ್ಕೆ ಉಗಿಯುತ್ತಾರೆ. ಟವೆಲ್ಲಿನ ಕಥೆಗೆ ಸಾಕ್ಷಿ ಯಾರು? ರೊಟ್ಟಿ ಬಡಿಯುವವಳು ಒಬ್ಬಳೇ. ಅರ್ಧದಷ್ಟಾದರೂ ಕೈಗೆ ಬರುವುದನ್ನು ಬಿಟ್ಟು ಗಾಳಿಗೆ ಕೈ ಚಾಚುವುದೇ? ಹಿಂದಿನಿಂದ ಯಾರೋ, ಮಗಳ ಮದುವೆ ಇಟ್ಟುಕೊಂಡಿದ್ದೇನೆ, ನನ್ನ ನಲವತ್ತೆಂಟು ಕೊಟ್ಟುಬಿಡಿ, ಆಮೇಲೆ ಬೇಕಾದ್ದು ಮಾಡಿಕೊಳ್ಳಿ ಎಂದರು. ಹೌದು ಹೌದು ಎಂಬ ಗೊಣಗು ಮರದ ಸುತ್ತ ಒಂದು ಸುತ್ತು ಹಾಕಿತು.

ಉಡಚಮ್ಮ ಕಮಲಕ್ಕನ ಕಡೆಗೇ ತಿರುಗಿದಳು. ಚೀಟಿಯ ಮಾತೆತ್ತಿದಳು. ಅದನ್ನು ಎಲ್ಲರೆದುರು ಎತ್ತಬಾರದಿತ್ತು, ಅವಳಿಗೂ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ.

"ಅವತ್ತು ನೀನು ಮೂರು ಸಾವಿರ ಬರ್ದೆ ಕಮಲಕ್ಕ. ಎರಡನೇದು ಒಂಬೈನೂರು. ಹೊಡ್ತ ಬಿದ್ದಿದ್ದು ಯಾರಿಗೆ?"

"ನನಗೆ. ಇನ್ಯಾರಿಗೆ" ಎಂದಳು ಕಮಲಕ್ಕ, ಹಲ್ಲು ಕಚ್ಚಿ.

"ಆ ಮೂರು ಸಾವಿರ ಯಾರ ಕೈಗೆ ಹೋತು?"

ಉಡಚಮ್ಮ ತಾನೇ ಉತ್ತರ ಹೇಳಿದಳು.

"ನಮ್ಮ ಕೈಗೆ ಹೋತು. ಉಳಿದ ಹತ್ತೊಂಬತ್ತು ಮಂದಿ ಹಂಚ್ಕೊಂಡ್ವಿ. ನಾನೂ ತಗಂಡೆ. ಮುಚ್ಚಿದ ಚೀಟಿ ಬರೆಯೋನ ಕುತ್ತಿಗೆ ಕೊಯ್ತೈತೆ, ಹಂಚ್ಕೊಳ್ಳೋರದ್ದಲ್ಲ. ಈಗ ಬರೆಯೋರು ಅವರು, ಹಂಚ್ಕೊಳ್ಳೋರು ನಾವು. ನಾವು ಇನ್ನೂ ಬರೆಯೋರ ಜಾಗದಾಗ ಕೂತಂಗೆ ಯೋಚನೆ ಮಾಡಿ ಅರ್ಜಿ ಕೊಟ್ವಿ. ಅವರಿಗೆ ಬೇಕಾಗಿದ್ದನ್ನೇ ನಾವು ಸಹಿ ಹಾಕಿ ಕೊಟ್ವಿ. ಮೊದಲ್ನೇ ಸಹಿ ನಂದು. ತಪ್ಪು ನಂದು."

ಯಾರೋ ಕೆಮ್ಮಿದರು. ಉಡಚಮ್ಮ ನಿಲ್ಲಿಸಲಿಲ್ಲ. ಅಂಗಳದಲ್ಲಿ ಬಕ್ಕೇಶ್ ಬಾಯಿ ಬಿಟ್ಟಿದ್ದರೆ ಅವನ ಹಿಂದೆಯೇ ನಾಲ್ವರು ನಿಂತಿದ್ದರು. ಲಕೋಟೆಯೊಳಗೆ ಬರೆಯುವಾಗ ಅವನ ಹಿಂದೆ ಯಾರು ನಿಂತಿರುತ್ತಾರೆ? ಯಾರು ಎಷ್ಟು ಬರೆದರು ಎಂದು ಬಿಚ್ಚುವ ತನಕ ಗೊತ್ತಿಲ್ಲ, ಬಿಚ್ಚಿದ ಮೇಲೆ ತಿದ್ದುವ ಹಾಗಿಲ್ಲ. ಟವೆಲ್ಲಿನ ಕೆಳಗೆ ಎಲ್ಲರ ಬೆರಳೂ ಹಿಡಿದು ನೋಡಿದವನು ವಾಮದೇವಪ್ಪ ಒಬ್ಬನೇ. ಬಕ್ಕೇಶ್ ಎಲ್ಲಿಯವರೆಗೆ ಹೋಗಬಲ್ಲ ಎಂಬುದು ಅವನಿಗೆ ಗೊತ್ತು, ಅವನಿಗೆ ಗೊತ್ತು ಎಂಬುದು ಬಕ್ಕೇಶನಿಗೂ ಗೊತ್ತು. ಅವರು ಬೆಳಕಲ್ಲಿ ಒಟ್ಟಿಗಿರುತ್ತಾರೆ, ಕತ್ತಲಲ್ಲಿ ಒಬ್ಬರನ್ನೊಬ್ಬರು ನಂಬುವುದಿಲ್ಲ. ಅವರನ್ನು ಕತ್ತಲಿಗೆ ತಳ್ಳಬೇಕು. ಲಕೋಟೆ ಬರೆಯುವುದು ಮುಚ್ಚಿ, ಬಿಚ್ಚುವುದು ಮಾತ್ರ ಎಲ್ಲರ ಕಣ್ಣೆದುರಿಗೆ.

ಮೊದಲು ಮಾತಾಡಿದ್ದು ಕಮಲಕ್ಕ. ಉಡಚಮ್ಮನನ್ನು ಕ್ಷಮಿಸಿದವಳ ದನಿ ಅದಲ್ಲ.

"ನನ್ನ ದುಡ್ಡು ತಿಂದಿದ್ದು ಇವತ್ತಾದ್ರೂ ಒಪ್ಕೊಂಡೆಲ್ಲ. ಕೊಡು ಇಲ್ಲಿ ಕಾಗ್ದ" ಎಂದು ಪೆನ್ನು ಕಿತ್ತುಕೊಂಡಳು.

ಮೂವತ್ತೊಂದು ಸಹಿ ಬಿದ್ದವು. ಇಪ್ಪತ್ತೇಳು ಮಂದಿ ಹಾಕಲಿಲ್ಲ. ಓಬಯ್ಯ ಅಧ್ಯಕ್ಷನಾಗಿ ಠರಾವಿಗೆ ಸಹಿ ಮಾಡಿದ; ಕೆಳಗೆ, ಮರುಹರಾಜಿನಲ್ಲಿ ಬೆಲೆ ಇಳಿದರೆ ಅದರ ಹೊಣೆ ಉಡಚಮ್ಮನದು ಎಂದು ಒಂದು ಸಾಲು ಸೇರಿಸಿದ. ಅದಕ್ಕೂ ಅವಳು ಸಹಿ ಹಾಕಿದಳು.

ಮೇಲಿನವರ ಒಪ್ಪಿಗೆ ತಂದು ಅಂಬಿಕಾ ಮರುಹರಾಜು ಇಟ್ಟದ್ದು ಏಪ್ರಿಲ್ ಕೊನೆಗೆ. ಆ ಐದು ವಾರ ಉಡಚಮ್ಮ ಹೇಗೆ ಕಳೆದಳು ಎಂದು ಕೇಳಬಾರದು. ಸಹಿ ಹಾಕದವರು ಎದುರಿಗೆ ಸಿಕ್ಕರೆ ರಸ್ತೆ ದಾಟಿ ಹೋಗುತ್ತಿದ್ದರು. ಮಗಳ ಮದುವೆ ಇಟ್ಟುಕೊಂಡವರು ಬಡ್ಡಿಗೆ ಸಾಲ ಎತ್ತಿ, ಬಡ್ಡಿಯ ಲೆಕ್ಕವನ್ನು ಉಡಚಮ್ಮನ ಮನೆಗೆ ಬಂದು ಓದಿ ಹೇಳಿ ಹೋದರು. ಹರಾಜು ರದ್ದಾದ ಮೇಲೆ ಬಕ್ಕೇಶ್ ತಾನು ಹಂಚಿದ ಮುಂಗಡ ವಾಪಸ್ ಕೇಳಿದನಂತೆ, ಮೂವರು ಕೊಟ್ಟರಂತೆ, ವಾಮದೇವಪ್ಪ ಮಾತ್ರ ಆಮೇಲೆ ನೋಡೋಣ ಎಂದನಂತೆ ಎಂಬ ಸುದ್ದಿ ಮಂಡಿಯ ಹಮಾಲರ ಬಾಯಿಯಿಂದ ನಿಂಗಪ್ಪನಿಗೆ ಬಂತು. ಅಷ್ಟನ್ನೇ ಹಿಡಿದುಕೊಂಡು ಅವಳು ಕಾದಳು.

ಆ ದಿನ ಮೂರು ಗಂಟೆಗೆ ಲಕೋಟೆ ಹಾಕುವ ಗಡುವು. ಅದೇ ಅಂಗಳ, ಅದೇ ಮೇಜು, ಮೇಲೆ ಬೀಗ ಹಾಕಿದ ತಗಡಿನ ಪೆಟ್ಟಿಗೆ. ಎರಡೂವರೆಯಾದರೂ ಒಬ್ಬರ ಸುಳಿವಿಲ್ಲ. ಓಬಯ್ಯ ಅವಳ ಕಡೆ ನೋಡಲೂ ಇಲ್ಲ. ಎರಡೂ ಮುಕ್ಕಾಲಿಗೆ ಒಂದೇ ಕಾರಿನಿಂದ ನಾಲ್ವರು ಇಳಿದರು: ವಾಮದೇವಪ್ಪ ಮತ್ತು ಆ ಮೂವರು. ನಗುನಗುತ್ತ, ಒಬ್ಬರ ಹಿಂದೊಬ್ಬರು ಲಕೋಟೆ ಹಾಕಿದರು. ಬಕ್ಕೇಶ್ ಇರಲಿಲ್ಲ. ಅವನೇ ಬಾರದಿದ್ದರೆ ಉಳಿದವರು ಕನಿಷ್ಠ ಬೆಲೆಗೆ ಮೂರು ಕಾಸು ಸೇರಿಸಿ ಬರೆದಿರುತ್ತಾರೆ, ಅಷ್ಟೇ. ಮೂರಕ್ಕೆ ನಾಲ್ಕು ನಿಮಿಷವಿದ್ದಾಗ ಬೈಕಿನಲ್ಲಿ ಬಕ್ಕೇಶ್ ಬಂದ, ಯಾರ ಮುಖವನ್ನೂ ನೋಡದೆ ಲಕೋಟೆ ಪೆಟ್ಟಿಗೆಯ ಸೀಳಿಗೆ ತುರುಕಿದ. ವಾಮದೇವಪ್ಪನ ನಗು ಅಲ್ಲಿಗೆ ನಿಂತಿತು.

ಅಂಬಿಕಾ ಒಂದೊಂದೇ ಬಿಚ್ಚಿ ಓದಿದಳು. ಮೂವತ್ತಾರೂವರೆ ಲಕ್ಷ. ಅಂಗಳದಲ್ಲಿ ನಿಟ್ಟುಸಿರು. ಮೂವತ್ತಾರು ಲಕ್ಷದ ಎಪ್ಪತ್ತೈದು ಸಾವಿರ. ಮೂವತ್ತೇಳು ಲಕ್ಷ. ಕೂಟದ ಮೂವರೂ ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಂತೆ ಬರೆದಿದ್ದರು. ನಾಲ್ಕನೆಯದು ವಾಮದೇವಪ್ಪನದು. ಅಂಬಿಕಾ ಅಂಕಿಯನ್ನು ಒಮ್ಮೆ ಮನಸ್ಸಿನಲ್ಲಿ ಓದಿಕೊಂಡು ಆಮೇಲೆ ಜೋರಾಗಿ ಓದಿದಳು: ಐವತ್ತೆರಡು ಲಕ್ಷದ ಐವತ್ತು ಸಾವಿರ.

ಆ ಮೂವರು ಏಕಕಾಲಕ್ಕೆ ಹಿರಿಯನ ಕಡೆ ತಿರುಗಿದರು. ಕಡಿಮೆ ಬರೆಯಿರಿ ಎಂದು ಕಾರಿನಲ್ಲಿ ಕರೆತಂದವನು ತಾನೇ ಬಕ್ಕೇಶನ ಬೆರಳಿನ ಲೆಕ್ಕಕ್ಕೆ ಅರ್ಧ ಲಕ್ಷ ಸೇರಿಸಿ ಬರೆದು ಹಾಕಿದ್ದ. ಒಬ್ಬ ಹತ್ತಿರ ಹೋಗಿ ಏನೋ ಬೈದ; ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಐದನೆಯದು ಬಕ್ಕೇಶನದು. ಐವತ್ತೆಂಟು ಲಕ್ಷದ ನಲವತ್ತು ಸಾವಿರ. ತನ್ನ ಬೆಲೆ ಬಲ್ಲವನು ತನ್ನ ಮೇಲೆ ಬರೆಯುತ್ತಾನೆ ಎಂಬ ಹೆದರಿಕೆಯೇ ಅವನಿಂದ ಆರು ಲಕ್ಷ ಹೆಚ್ಚಿಗೆ ಬರೆಸಿತ್ತು. ಅವೇ ಯಂತ್ರ, ಅವೇ ಐದು ಜನ, ಅದೇ ಅಂಗಳ. ಕೂಗಿದಾಗ ಮೂವತ್ತಾರು, ಬರೆದಾಗ ಐವತ್ತೆಂಟು.

ಜನ ಕುಣಿಯಲಿಲ್ಲ. ಹಲವರು ಅಲ್ಲೇ ನೆಲದ ಮೇಲೆ ಕೂತರು. ಓಬಯ್ಯ ಉಡಚಮ್ಮನ ಹತ್ತಿರ ಬಂದು, ಆ ಸಾಲು ಹೊಡೆದು ಹಾಕ್ತೀನವ್ವ ಎಂದಷ್ಟೇ ಹೇಳಿ ಹೋದ.

ಖರ್ಚು ಕಳೆದು ನೂರಕ್ಕೆ ಎಪ್ಪತ್ತೆಂಟರಂತೆ ಹಂಚಿಕೆಯಾಯಿತು. ಉಡಚಮ್ಮ ಈಗ ದೇವರಾಜ ಅರಸು ಬಡಾವಣೆಯ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ಹರಿಹರದ ಖಾನಾವಳಿಗೆ ಮತ್ತೆ ಕರೆದರೂ ಹೋಗಲಿಲ್ಲ. ಕಮಲಕ್ಕ ಇನ್ನೂ ಅವಳ ಜೊತೆ ಬಿಗುವಾಗಿಯೇ ಮಾತಾಡುತ್ತಾಳೆ. ಐವತ್ತೆಂಟು ಮಂದಿಗೆ ಇನ್ನೂ ಬರಬೇಕಾದದ್ದು ಹದಿನಾರು ಲಕ್ಷದ ಇಪ್ಪತ್ತೆಂಟು ಸಾವಿರ.

ಉಳಿದಿರುವ ಆಸ್ತಿ ಗಿರಣಿಯ ಖಾಲಿ ಕಟ್ಟಡ ಮತ್ತು ಜಾಗ. ಅದರ ಹರಾಜು ಬರುವ ತಿಂಗಳು, ಮುಚ್ಚಿದ ಲಕೋಟೆಯಲ್ಲಿ. ಜಾಗಕ್ಕೆ ಬರುವವರು ಗುಜರಿಯವರಲ್ಲ, ಅಂಗಡಿ, ಗೋದಾಮು, ಸೈಟಿನ ಜನ. ಓದು ಬರಹ ಬಲ್ಲವರು, ಪುಸ್ತಕ ಓದುವವರು. ಸುಮ್ಮನಿರಲು ಇಷ್ಟು, ಬಾರದಿರಲು ಇಷ್ಟು ಎಂದು ಮನೆಮನೆಗೆ ಮುಂಗಡ ಹಂಚಿಕೆ ಈಗಾಗಲೇ ಶುರುವಾಗಿದೆ ಎಂದು ಮಂಡಿಯಲ್ಲಿ ಮಾತಿದೆ. ಆ ಮುಂಗಡ ನಿಮ್ಮ ಮನೆಗೆ ಬಂದಿದೆಯೋ ಇಲ್ಲವೋ ನಿಮಗೆ ಗೊತ್ತು. ಬಂದಿದ್ದರೆ ಅದು ಐವತ್ತೆಂಟು ಮಂದಿಯ ಕೂಲಿ. ಇವತ್ತೇ ವಾಪಸ್ ಕೊಡಿ, ಆ ಜಾಗ ನಿಮಗೆ ನಿಜವಾಗಿ ಎಷ್ಟು ಬಾಳುತ್ತದೋ ಅಷ್ಟನ್ನು ಬರೆದು ಲಕೋಟೆ ಪೆಟ್ಟಿಗೆಗೆ ಹಾಕಿ.